ನಾಲ್ಕೂವರೆಗೆ ಕತ್ತಲಾಗುವ ಊರಿಗೆ ಪ್ಲಾನ್ ಮಾಡಿದ್ದು: ಚಳಿಗಾಲದ ವಿಯೆನ್ನಾ

ಯುರೋಪ್ ಪ್ರವಾಸ ಅಂದರೆ ನಮ್ಮ ಕಡೆ ಏಪ್ರಿಲ್, ಮೇ ಅಂತಲೇ ಲೆಕ್ಕ. ಮಕ್ಕಳಿಗೆ ರಜ, ಅಲ್ಲಿ ಒಳ್ಳೆ ಹವಾ. ವಿಮಾನದ ಟಿಕೆಟ್ ದರ ಗಗನಕ್ಕೇರುವುದೂ ಆಗಲೇ. ನಮಗೆ ಶಾಲೆ ರಜದ ಹಂಗಿಲ್ಲ. ನನಗೂ ಇವರಿಗೂ ಒಟ್ಟಿಗೆ ರಜ ಸಿಗುವುದು ಜನವರಿ ಕೊನೆಯಲ್ಲಿ ಮಾತ್ರ. ಹಾಗಾಗಿ ಚಳಿಗಾಲದಲ್ಲೇ ಹೋಗೋಣ, ಹತ್ತು ಊರು ಸುತ್ತುವುದು ಬೇಡ, ಒಂದೇ ಊರು ನಿಧಾನಕ್ಕೆ ನೋಡೋಣ ಅಂತ ತೀರ್ಮಾನ ಆಯಿತು. ಚಿಕ್ಕಮಗಳೂರಿನಿಂದ ಅತ್ತೆಯನ್ನೂ ಕರೆದುಕೊಂಡು ಹೋಗುವುದು ಅಂತಲೂ.

"ಅಲ್ಲಮ್ಮ, ಚಳಿಗಾಲದಲ್ಲಿ ಯಾರಾದ್ರೂ ಚಳಿ ದೇಶಕ್ಕೆ ಹೋಗ್ತಾರಾ?" ಅಂದರು ಅತ್ತೆ. ಕೇಳಿದ್ದು ಸರಿಯಾಗೇ ಇತ್ತು. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ನಮ್ಮ ಪ್ಲಾನಿಂಗ್‌ನ ಅರ್ಧ ಕೆಲಸ ಆಯಿತು.

ಪ್ರಾಗ್, ಬುಡಾಪೆಸ್ಟ್, ಆಸ್ಟ್ರಿಯಾದ ವಿಯೆನ್ನಾ, ಈ ಮೂರರಲ್ಲಿ ಒಂದು ಅಂತ ಮೊದಲೇ ಇತ್ತು. ಮೂರೂ ಹಳೆಯ ರಾಜಧಾನಿಗಳು, ಮೂರರ ಫೋಟೋಗಳೂ ಚೆಂದ. ಆದರೆ ಪ್ರಾಗ್‌ನ ಚೆಲುವೆಲ್ಲ ಹೊರಗೆ. 1357ರಲ್ಲಿ ಶುರುವಾದ ಚಾರ್ಲ್ಸ್ ಸೇತುವೆ, ಕಲ್ಲು ಹಾಸಿದ ಗಲ್ಲಿಗಳು, ಕೋಟೆಗೆ ಹತ್ತುವ ದಾರಿ. ಅತ್ತೆಯ ಮಂಡಿ ನೋವಿಗೂ ಹಿಮ ಬಿದ್ದು ಜಾರುವ ಕಲ್ಲಿಗೂ ಆಗಿಬರಲ್ಲ. ಬುಡಾಪೆಸ್ಟ್‌ನಲ್ಲಿ ಚಳಿಗಾಲಕ್ಕೆ ಹೇಳಿ ಮಾಡಿಸಿದ ಬಿಸಿನೀರಿನ ಸ್ನಾನಗೃಹಗಳಿವೆ. ಅಲ್ಲಿ ಈಜುಡುಗೆ ಹಾಕಿಕೊಂಡು ಇಳಿಯಬೇಕು ಅಂದಾಗ ಅತ್ತೆ ನನ್ನ ಮುಖ ನೋಡಿದ ರೀತಿಗೇ ಆ ಊರು ಪಟ್ಟಿಯಿಂದ ಬಿತ್ತು. ವಿಯೆನ್ನಾದ ಆಸ್ತಿ ಇರುವುದು ಒಳಗೆ: ಅರಮನೆ, ಮ್ಯೂಸಿಯಂ, ಒಪೆರಾ ಅನ್ನುವ ಹಾಡಿನ ನಾಟಕ, ಕಾಫಿ ಮನೆ. ಹೊರಗೆ ಎಷ್ಟೇ ಚಳಿ ಇರಲಿ, ಅರ್ಧ ದಿನ ಬೆಚ್ಚಗೆ ಕಳೆಯಬಹುದು. ಚಳಿಗಾಲಕ್ಕೆ ಊರು ಆರಿಸುವಾಗ ನಾನು ಈಗ ಮೊದಲು ಕೇಳುವುದೇ ಇದು. ಒಳಗೆ ನೋಡೋಕೆ ಎಷ್ಟಿದೆ?

ಡಿಸೆಂಬರ್‌ನ ಕ್ರಿಸ್‌ಮಸ್ ಮಾರುಕಟ್ಟೆ ನೋಡದೆ ವಿಯೆನ್ನಾಕ್ಕೆ ಹೋಗ್ತೀರಾ ಅಂತ ಆಫೀಸಿನಲ್ಲಿ ಒಬ್ಬರು ಕನಿಕರಪಟ್ಟರು. ನಿಜ, ನವೆಂಬರ್ ಮಧ್ಯದಿಂದ ಡಿಸೆಂಬರ್ 26ರವರೆಗೆ ರಾಟ್‌ಹೌಸ್, ಅಂದರೆ ನಗರಸಭೆ ಕಟ್ಟಡದ ಮುಂದೆ ದೊಡ್ಡ ಮಾರುಕಟ್ಟೆ ಇರುತ್ತದೆ. ಜನವೂ ಅಷ್ಟೇ ಇರುತ್ತಾರೆ, ಹೋಟೆಲ್ ದರವೂ ಅಷ್ಟೇ ಏರುತ್ತದೆ. ಹೊಸ ವರ್ಷದ ಗಲಾಟೆ ಮುಗಿದು, ಜನವರಿ 6ರ ರಜೆಯೂ ಕಳೆದ ಮೇಲೆ ಊರು ಸ್ವಲ್ಪ ಖಾಲಿ ಆಗುತ್ತದೆ. ಅದೇ ನಗರಸಭೆ ಎದುರಿಗೆ ಜನವರಿಯ ಎರಡನೇ ಭಾಗದಲ್ಲಿ ಐಸ್ ಸ್ಕೇಟಿಂಗ್ ಅಂಗಳ ಎದ್ದು ನಿಲ್ಲುತ್ತದೆ. ಬಾಲ್ ಅನ್ನುವ ನೃತ್ಯಕೂಟಗಳ ಕಾಲವೂ ಅದೇ. ಒಂದು ಎಚ್ಚರಿಕೆ: ಒಪೆರಾ ಹೌಸಿನಲ್ಲೇ ನಡೆಯುವ ದೊಡ್ಡ ಬಾಲ್‌ನ ಆಸುಪಾಸಿನಲ್ಲಿ ಅಲ್ಲಿ ಒಪೆರಾ ಇರುವುದಿಲ್ಲ. ಈಸ್ಟರ್ ಲೆಕ್ಕದ ಮೇಲೆ ಅದರ ದಿನ ಬದಲಾಗುತ್ತದೆ. ಒಪೆರಾ ನೋಡುವ ಆಸೆ ಇದ್ದರೆ ಟಿಕೆಟ್ ಬುಕ್ ಮಾಡುವ ಮೊದಲು ಆ ವಾರ ಯಾವುದು ಅಂತ ನೋಡಿಕೊಳ್ಳಿ.

ಇನ್ನು ಬೆಳಕಿನ ಲೆಕ್ಕ. ನಮಗೆ ಇದು ತಲೆಗೆ ಹೋಗುವುದೇ ಕಷ್ಟ. ಬೆಂಗಳೂರಿನಲ್ಲಿ ಡಿಸೆಂಬರ್‌ನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಜಾಸ್ತಿ. ವಿಯೆನ್ನಾದಲ್ಲಿ ಡಿಸೆಂಬರ್ 21ಕ್ಕೆ ಸುಮಾರು ಎಂಟೂಕಾಲು ಗಂಟೆ ಹಗಲು, ನಾಲ್ಕಕ್ಕೆ ಸೂರ್ಯ ಮುಳುಗಿ ಆಯಿತು. ಜನವರಿ ಕೊನೆಗೆ ಸ್ವಲ್ಪ ವಾಸಿ. ಬೆಳಗ್ಗೆ ಏಳೂವರೆಗೆ ಬೆಳಕು, ಸಂಜೆ ನಾಲ್ಕೂ ಮುಕ್ಕಾಲಿಗೆ ಮುಗಿಯಿತು. ಮೋಡ ಇದ್ದರೆ ನಾಲ್ಕೂವರೆಗೇ ದೀಪ. "ನೋಡಬೇಕಾದ ಹತ್ತು ಜಾಗಗಳು" ತರದ ಪಟ್ಟಿ ಹಿಡಿದು ಹೊರಟರೆ ಮೂರನೆಯದಕ್ಕೇ ಕತ್ತಲು.

ಅದಕ್ಕೆ ನಾನೊಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದೆ. ಬೆಳಕಲ್ಲಿ ನೋಡುವುದು, ಕತ್ತಲಾದ ಮೇಲೆ ನೋಡುವುದು, ಬಾಗಿಲು ಮುಚ್ಚಿರುವ ದಿನ. ಮೂರನೆಯ ಕಾಲಂ ತುಂಬುತ್ತಾ ಹೋದ ಹಾಗೆ ಪ್ಲಾನು ತಾನಾಗೇ ಜಾಗಕ್ಕೆ ಬಂದು ಕೂತಿತು. ಕುನ್‌ಸ್ಟ್‌ಹಿಸ್ಟೋರಿಶಸ್ ಮ್ಯೂಸಿಯಂ, ಅಂದರೆ ರಾಜಮನೆತನ ಕೂಡಿಟ್ಟ ಚಿತ್ರಗಳ ದೊಡ್ಡ ಸಂಗ್ರಹಾಲಯ, ಚಳಿಗಾಲದಲ್ಲಿ ಸೋಮವಾರ ರಜ. ಗುರುವಾರ ಮಾತ್ರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಕಿರೀಟ, ಒಡವೆ ಇಟ್ಟಿರುವ ಖಜಾನೆಗೆ ಮಂಗಳವಾರ ರಜ. ಷೋನ್‌ಬ್ರುನ್ ಅರಮನೆಗೂ ಮೇಲಿನ ಬೆಲ್ವೆಡೇರ್ ಅರಮನೆಗೂ ವಾರದ ರಜ ಇಲ್ಲ. ಭಾನುವಾರ ಅಂಗಡಿ ಬಾಗಿಲೆಲ್ಲ ಬಂದ್. ಹಾಗಾದರೆ ಸೋಮವಾರ ಷೋನ್‌ಬ್ರುನ್, ಮಂಗಳವಾರ ಬೆಲ್ವೆಡೇರ್, ಗುರುವಾರ ಸಂಜೆ ಚಿತ್ರಗಳು. ಶನಿವಾರ ಸಂಜೆಯೊಳಗೆ ಹಾಲು, ಮೊಸರು, ತರಕಾರಿ. ಮರೆತರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಯೇ ಗತಿ, ಭಾನುವಾರ ಊರಲ್ಲಿರುವ ಅರ್ಧ ಜನ ಅಲ್ಲೇ ಇರುತ್ತಾರೆ.

ಈ ನೋಟ್‌ಬುಕ್ ವೀಸಾಗೂ ಉಪಯೋಗಕ್ಕೆ ಬಂತು. ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಅದರ ಅರ್ಜಿಗೆ ದಿನದಿನದ ಪ್ಲಾನು ಕೊಡಬೇಕು. ತುಂಬಾ ಜನ ಅದಕ್ಕೊಂದು ಸುಮ್ನೆ ಬರೆದು, ನಿಜವಾದ ಪ್ಲಾನು ಆಮೇಲೆ ಮಾಡುತ್ತಾರೆ. ನಾನು ಇದನ್ನೇ ಟೈಪ್ ಮಾಡಿ ಕೊಟ್ಟೆ. ನಿಯಮಗಳು ಗೊತ್ತಿರುವವರಿಗೆ ಗೊತ್ತೇ ಇರುತ್ತವೆ, ಆದರೂ ಹೇಳುತ್ತೇನೆ. ಹೊರಡುವ ದಿನಕ್ಕಿಂತ ಆರು ತಿಂಗಳ ಒಳಗೆ ಅರ್ಜಿ ಹಾಕಬಹುದು, ಕಡೇ ಪಕ್ಷ 15 ದಿನ ಮೊದಲಾದರೂ ಹಾಕಬೇಕು. ಹದಿನೈದು ದಿನ ಅಂತ ನಂಬಿಕೊಂಡು ಕೂರಬೇಡಿ, ಕೆಲವೊಮ್ಮೆ 45 ದಿನದವರೆಗೂ ಹೋಗಬಹುದು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ, ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ರಕ್ಷಣೆ ಇರುವ ಪ್ರಯಾಣ ವಿಮೆ ಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ವಾಪಸ್ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಮನೆ ಬುಕಿಂಗನ್ನು ದುಡ್ಡು ಕಳೆದುಕೊಳ್ಳದೆ ರದ್ದು ಮಾಡುವಂಥದ್ದು ಆರಿಸಿಕೊಂಡೆವು.

ನಮ್ಮದು ಸಲೀಸಾಗಿ ಹೋಯಿತು. ಅತ್ತೆಯದೇ ಒಂದು ಅಧ್ಯಾಯ. ಅವರು ನಿವೃತ್ತ ಟೀಚರ್. ಪೆನ್ಷನ್ ಬರುವ ಬ್ಯಾಂಕ್ ಪುಸ್ತಕದಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಚ್ಚಿಕೊಂಡು ಊರಿನ ಹೆಸರು, ಅವರ ಅಪ್ಪನ ಹೆಸರು ಉದ್ದಕ್ಕೆ ಮಲಗಿವೆ. ಆಧಾರ್‌ನಲ್ಲಿ ಗಂಡನ ಹೆಸರು ಸೇರಿಕೊಂಡಿದೆ. ಕನ್ನಡದವರ ಮನೆಯಲ್ಲಿ ಇದು ಹೊಸದೇನಲ್ಲ, ಅಲ್ವಾ? ಮೂರೂ ಒಬ್ಬರೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ಅವರ ಖರ್ಚು ಮಗ ನೋಡಿಕೊಳ್ಳುತ್ತಾನೆ ಅಂತ ಒಂದು ಪತ್ರ, ಇವರು ಅವರ ಮಗನೇ ಅನ್ನುವುದಕ್ಕೆ ಜನನ ಪ್ರಮಾಣಪತ್ರ, ಎಫ್‌ಡಿ ರಸೀದಿಗಳ ನಕಲು, ಎಲ್ಲ ಸೇರಿ ಒಂದು ದಪ್ಪ ಫೈಲ್.

ಬೆರಳಚ್ಚು ಕೊಡುವಾಗ ಇನ್ನೊಂದು ತಮಾಷೆ. ಅತ್ತೆಯ ಬೆರಳಿನ ಗೆರೆಗಳನ್ನು ಮೆಷಿನ್ ಓದಲೇ ಇಲ್ಲ. ವರ್ಷಗಟ್ಟಲೆ ಪಾತ್ರೆ ತಿಕ್ಕಿ, ಸೀಮೆಸುಣ್ಣ ಹಿಡಿದು ಸವೆದ ಕೈ. ಕೌಂಟರಿನ ಹುಡುಗಿ ಒದ್ದೆ ಟಿಶ್ಯೂ ಕೊಟ್ಟಳು. "ಅಜ್ಜಿ, ಸ್ವಲ್ಪ ಒತ್ತಿ ಹಿಡೀರಿ" ಅಂದಳು. ಅತ್ತೆ ಗಾಜಿನ ಮೇಲೆ ನಾಲ್ಕು ಬೆರಳಿಟ್ಟು, ಮಕ್ಕಳ ಕಿವಿ ಹಿಂಡುವಾಗಿನ ಬಿಗಿಯಲ್ಲಿ ಒತ್ತಿದರು. ಹಸಿರು ದೀಪ ಬಂತು. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ. ಅದನ್ನು ಕೇಳಿ ಅವರಿಗೆ ಖುಷಿಯೋ ಖುಷಿ.

ಮನೆ ಹುಡುಕುವಾಗ ಕಲಿತ ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ. ವಿಯೆನ್ನಾದಲ್ಲಿ 23 ಜಿಲ್ಲೆಗಳು. ಪಿನ್‌ಕೋಡ್‌ನ ನಡುವಿನ ಎರಡು ಅಂಕಿ ಆ ಜಿಲ್ಲೆಯ ನಂಬರ್. 1010 ಅಂದರೆ ಒಂದನೆಯದು, ಊರಿನ ಹೃದಯ, ದರವೂ ಹಾಗೇ. 1040 ಅಂದರೆ ನಾಲ್ಕನೆಯದು. "ಸಿಟಿ ಸೆಂಟರ್‌ಗೆ ಹತ್ತಿರ" ಅಂತ ಬರೆದುಕೊಂಡು ಪಿನ್‌ಕೋಡ್ 1220 ಇದ್ದರೆ ಆ ಮನೆ ಡ್ಯಾನ್ಯೂಬ್ ನದಿಯ ಆಚೆ ಇದೆ ಅಂತ ಅರ್ಥ. ನಾವು ನಾಲ್ಕನೇ ಜಿಲ್ಲೆಯಲ್ಲಿ, ಮೆಟ್ರೋಗೆ ಐದು ನಿಮಿಷದ ದೂರದಲ್ಲಿ, ಅಡುಗೆಮನೆ ಇರುವ ಒಂದು ಫ್ಲಾಟ್ ಹಿಡಿದೆವು. ಲಿಫ್ಟ್ ಇದೆಯಾ ಅಂತ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಹಳೇ ಕಟ್ಟಡಗಳಲ್ಲಿ ಅದು ಇಲ್ಲದಿರುವುದೂ ಉಂಟು.

ಬಟ್ಟೆ ವಿಷಯಕ್ಕೆ ಮನೆಯಲ್ಲಿ ದೊಡ್ಡ ಚರ್ಚೆ. ಜನವರಿಯಲ್ಲಿ ಅಲ್ಲಿ ಸೊನ್ನೆ ಡಿಗ್ರಿ ಆಸುಪಾಸು. ಹಿಮ ಬಿದ್ದೇ ಬೀಳುತ್ತದೆ ಅಂತೇನಿಲ್ಲ, ಗಾಳಿ ಮಾತ್ರ ಬೀಸುತ್ತದೆ. ಒಳಗೆ ಹೋದರೆ ಎಲ್ಲ ಕಡೆ ಹೀಟರ್, ಬೆವರು ಬರುವಷ್ಟು. ಅದಕ್ಕೇ ಒಂದು ದಪ್ಪ ಸ್ವೆಟರ್‌ಗಿಂತ ತೆಳುವಾದ ಮೂರು ಪದರ ಮೇಲು. ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆಯದೊಂದು, ಮೇಲೆ ಗಾಳಿ ತಡೆಯುವ ಜಾಕೆಟ್. ಕಿವಿ ಮುಚ್ಚುವ ಟೋಪಿ, ಕೈಗವಸು. ಅತ್ತೆ ಸೀರೆ ಬಿಡುವುದಿಲ್ಲ ಅಂದರು. ಸೀರೆಯೊಳಗೆ ಥರ್ಮಲ್ ಹಾಕಿದರೆ ಬೆಚ್ಚಗೇನೋ ಇರುತ್ತದೆ, ಸಮಸ್ಯೆ ಅಂಚಿನದು. ಅಲ್ಲಿ ಫುಟ್‌ಪಾತ್ ಮೇಲೆ ಜಾರದಿರಲಿ ಅಂತ ಸಣ್ಣ ಜಲ್ಲಿ, ಉಪ್ಪು ಹಾಕಿರುತ್ತಾರೆ. ಹಿಮ ಕರಗಿ ಅದರ ಜೊತೆ ಕೆಸರಾಗುತ್ತದೆ. ಸೀರೆ ಅಂಚು ಅದನ್ನೆಲ್ಲ ಗುಡಿಸಿಕೊಂಡು ಬರುತ್ತದೆ. ಕೊನೆಗೆ ರಾಜಿ ಆಗಿದ್ದು ಹೀಗೆ: ಹಗಲು ಹೊರಗೆ ಓಡಾಡುವಾಗ ಚೂಡಿದಾರ್, ಸಂಜೆ ಮ್ಯೂಸಿಯಂಗೆ ಸೀರೆ. ಶೂ ಮಾತ್ರ ಎರಡಕ್ಕೂ ಅದೇ, ಅಡಿಯಲ್ಲಿ ಒಳ್ಳೆ ಹಿಡಿತ ಇರುವುದು. ಕೊಬ್ಬರಿ ಎಣ್ಣೆ ಬಾಟಲಿ ಅಲ್ಲಿ ಗಟ್ಟಿಯಾಗಿ ಹೊರಗೆ ಬರುವುದಿಲ್ಲ, ಬಾಯಿ ಅಗಲದ ಡಬ್ಬಿಯಲ್ಲಿ ಒಯ್ಯಿರಿ. ಹೀಟರ್ ಗಾಳಿಗೆ ಕೈ ಕಾಲು ಒಡೆಯುತ್ತದೆ, ಬೇಕೇ ಬೇಕು.

ಇನ್ನು ಊಟ. ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ ಎಲ್ಲ ಚೀಲಕ್ಕೆ ಹೋದವು. ತುಪ್ಪದ ಬಾಟಲಿ ಹೊರಗೆ ಬಂತು. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಪೇಡಾನೂ ಇಲ್ಲ, ತುಪ್ಪವೂ ಇಲ್ಲ. "ತುಪ್ಪ ಇಲ್ದೆ ಸಾರನ್ನ ಹೆಂಗಮ್ಮ ತಿನ್ನೋದು?" ಅಂತ ಅತ್ತೆ ಬೇಜಾರು ಮಾಡಿಕೊಂಡರು. ಅಲ್ಲಿಗೆ ಹೋದ ಮಾರನೇ ದಿನವೇ ಸೂಪರ್‌ಮಾರ್ಕೆಟ್‌ನಿಂದ ಉಪ್ಪಿಲ್ಲದ ಬೆಣ್ಣೆ ತಂದರು. ಗಾಜಿನ ಒಲೆಯ ಮೇಲೆ ಸಣ್ಣ ಉರಿ ಇಟ್ಟು, ನೊರೆ ಇಳಿಯುವವರೆಗೆ ಅಲ್ಲೇ ನಿಂತು ಕಾಯಿಸಿದರು. ಹೊಗೆ ಅಲಾರಂ ಕೂಗಬಾರದು ಅಂತ ಇವರು ಕಿಟಕಿ ತೆಗೆದು ಹಿಡಿದುಕೊಂಡು ನಿಂತಿದ್ದರು, ಮೈಗೆ ಜಾಕೆಟ್, ತಲೆಗೆ ಟೋಪಿ. ಆಲ್ಪ್ಸ್ ಹಸುಗಳ ಬೆಣ್ಣೆ, ತುಪ್ಪ ಘಮ್ ಅಂತ ಬಂತು.

ಹೊರಗೆ ತಿನ್ನುವಾಗ ಸಸ್ಯಾಹಾರಿಗಳು ಸೂಪ್ ವಿಷಯದಲ್ಲಿ ಹುಷಾರಾಗಿರಬೇಕು. ಫ್ರಿಟಾಟೆನ್ ಸೂಪ್ ಅಂತ ಒಂದಿದೆ, ತಿಳಿ ಸಾರಿನಲ್ಲಿ ದೋಸೆ ಕತ್ತರಿಸಿ ಹಾಕಿದ ಹಾಗೆ ಕಾಣುತ್ತದೆ. ಆ ತಿಳಿ ಸಾರು ದನದ ಮಾಂಸ ಬೇಯಿಸಿದ್ದು. ತರಕಾರಿ ಅಂತ ಬರೆದಿದ್ದರೂ ಯಾವ ನೀರಿನಲ್ಲಿ ಬೇಯಿಸಿದ್ದು ಅಂತ ಕೇಳಿಯೇ ತಗೊಳ್ಳಿ. ಚೀಸ್ ಹಾಕಿದ ಷ್ಪೆಟ್ಸ್‌ಲೆ ಅನ್ನುವ ಬೇಯಿಸಿದ ಹಿಟ್ಟಿನ ತುಣುಕು, ಸೇಬಿನ ಷ್ಟ್ರೂಡಲ್ ಅನ್ನುವ ಸುರುಳಿ ಸಿಹಿ ಪರವಾಗಿಲ್ಲ. ಹಿಟ್ಟಿನಲ್ಲಿ ಮೊಟ್ಟೆ ಇರುವುದು ಅತ್ತೆಗೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದುಬಿಟ್ಟರು. ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಬೀದಿ ಬದಿಯ ಮರೋನಿ. ಕಬ್ಬಿಣದ ಒಲೆಯ ಮೇಲೆ ಸುಟ್ಟ ಚೆಸ್ಟ್‌ನಟ್, ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ತಿನ್ನುವುದಕ್ಕಿಂತ ಮೊದಲು ಕೈ ಬೆಚ್ಚಗಾಗುತ್ತದೆ. ಇದು ಚಳಿಗಾಲಕ್ಕೆ ಮಾತ್ರ ಸಿಗುವ ಸುಖ.

ಕಾಫಿಗೆ ಒಂದು ಇಡೀ ಮಧ್ಯಾಹ್ನ ಬಿಟ್ಟುಕೊಂಡಿದ್ದೆ. ಚಿಕ್ಕಮಗಳೂರಿನವರನ್ನು ವಿಯೆನ್ನಾಕ್ಕೆ ಕರೆದುಕೊಂಡು ಹೋಗಿ ಕಾಫಿ ಕುಡಿಸದಿದ್ದರೆ ಹೇಗೆ? 1683ರಲ್ಲಿ ಒಟ್ಟೊಮನ್ ಸೇನೆ ಊರಿಗೆ ಮುತ್ತಿಗೆ ಹಾಕಿ, ಸೋತು ಹೋಗುವಾಗ ಬಿಟ್ಟುಹೋದ ಕಾಫಿ ಬೀಜದ ಮೂಟೆಗಳಿಂದ ಇಲ್ಲಿ ಕಾಫಿ ಶುರುವಾಯಿತು ಅಂತ ಒಂದು ಕಥೆ ಇದೆ. ಕಥೆ ಚೆನ್ನಾಗಿದೆ, ದಾಖಲೆ ಬೇರೆ ಹೇಳುತ್ತದೆ. 1685ರಲ್ಲಿ ಕಾಫಿ ಮಾರುವ ಪರವಾನಗಿ ಸಿಕ್ಕಿದ್ದು ಯೊಹಾನೆಸ್ ಡಿಯೊಡಾಟೊ ಅನ್ನುವ ಅರ್ಮೇನಿಯನ್ ವ್ಯಾಪಾರಿಗೆ. ನಮ್ಮ ಬಾಬಾಬುಡನ್ ಮೋಕಾದಿಂದ ಏಳು ಬೀಜ ತಂದ ಕಥೆಯೂ ಹೆಚ್ಚುಕಮ್ಮಿ ಅದೇ ಕಾಲದ್ದು. ಅದನ್ನು ಹೇಳಿದಾಗ ಅತ್ತೆ, "ಹಾಗಾದ್ರೆ ನಾವೇ ಮೊದಲು" ಅಂದುಬಿಟ್ಟರು. ವಾದ ಮುಗೀತು.

1876ರ ಕೆಫೆ ಸೆಂಟ್ರಾಲ್ ಮುಂದೆ ಚಳಿಯಲ್ಲೂ ಕ್ಯೂ ಇರುತ್ತದೆ, ಹೊರಗೆ ನಿಂತು ಹೆಪ್ಪುಗಟ್ಟುವುದು ಬೇಡ ಅಂತ ನಾವು 1880ರ ಕೆಫೆ ಷ್ಪೆರ್ಲ್‌ಗೆ ಹೋದೆವು. ಮೆಲಾಂಜ್ ಅಂತ ನೊರೆ ಹಾಲಿನ ಕಾಫಿ. ಸಣ್ಣ ಲೋಹದ ತಟ್ಟೆ, ಅದರ ಮೇಲೆ ಕಪ್ಪು, ಪಕ್ಕದಲ್ಲಿ ಒಂದು ಗ್ಲಾಸ್ ನೀರು, ಗ್ಲಾಸಿನ ಬಾಯಿಯ ಮೇಲೆ ಚಮಚ ಬೋರಲು. ಆ ನೀರೂ ಸುಮ್ನೆ ಅಲ್ಲ. 1873ರಿಂದ ಬೆಟ್ಟದ ಊಟೆಗಳಿಂದ ಕೊಳವೆಯಲ್ಲಿ ಹರಿದು ಬರುವ ನೀರು, ಮನೆಯ ನಲ್ಲಿಯಲ್ಲೂ ಅದೇ. ಬಾಟಲಿ ನೀರಿಗೆ ದುಡ್ಡು ಹಾಕಬೇಡಿ. ಒಂದು ಕಾಫಿ ತಗೊಂಡು ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಮರದ ಹಿಡಿಗೆ ಸಿಕ್ಕಿಸಿದ ಪೇಪರ್ ಓದುತ್ತಾ ಮುದುಕರು ಗಂಟೆಗಟ್ಟಲೆ ಕೂತಿದ್ದರು. ಅತ್ತೆಯ ತೀರ್ಪು: ಜಾಗ ಒಂದನೇ ನಂಬರ್, ಡಿಕಾಕ್ಷನ್ ತೆಳು.

ಗುರುವಾರದ ಸಂಜೆಯೇ ನಮ್ಮ ಪ್ಲಾನಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೂತದ್ದು. ಐದಕ್ಕೆ ಕತ್ತಲು, ಹೊರಗೆ ಕೊರೆಯುವ ಗಾಳಿ. ಕೋಟುಗಳನ್ನು ಕೌಂಟರಿನಲ್ಲಿ ಕೊಟ್ಟು ಮೆಟ್ಟಿಲು ಹತ್ತಿದೆವು. ಆ ಚಿತ್ರ ಸಂಗ್ರಹಾಲಯದ ಕಟ್ಟಡ ಜನರಿಗೆ ತೆರೆದಿದ್ದು 1891ರಲ್ಲಿ. ಬ್ರೂಗೆಲ್ ಅನ್ನುವ ಹಳೆಯ ಚಿತ್ರಕಾರನ ಚಿತ್ರಗಳು ಲೋಕದಲ್ಲಿ ಬೇರೆಲ್ಲೂ ಇಷ್ಟೊಂದು ಒಟ್ಟಿಗಿಲ್ಲ. 1565ರ 'ಹಿಮದಲ್ಲಿ ಬೇಟೆಗಾರರು' ಚಿತ್ರದ ಎದುರಿಗೆ ಅತ್ತೆ ಬೆಂಚಿನ ಮೇಲೆ ಕೂತರು. ನಾನು ಪಕ್ಕದ ಚಿತ್ರಗಳೆಲ್ಲ ನೋಡಿ ಬಂದರೂ ಅವರು ಅಲ್ಲೇ.

"ಇಷ್ಟು ಜನ, ಇಷ್ಟೊಂದು ನಾಯಿ, ಸಿಕ್ಕಿದ್ದು ಒಂದು ಬಡಕಲು ನರಿ ನೋಡು" ಅಂದರು. ನಿಜ, ಒಬ್ಬನ ಬೆನ್ನ ಮೇಲಿನ ಕೋಲಿಗೆ ಒಂದೇ ನರಿ ನೇತಾಡುತ್ತಿದೆ. ನಾಯಿಗಳೂ ತಲೆ ತಗ್ಗಿಸಿವೆ. "ಆ ಹೋಟ್ಲು ಬೋರ್ಡಿನ ಒಂದು ಕೊಕ್ಕೆ ಬೇರೆ ಕಿತ್ತೋಗಿದೆ." ಅದೂ ನಿಜ. ಎಷ್ಟೋ ಸಲ ಪುಸ್ತಕದಲ್ಲಿ ಈ ಚಿತ್ರ ನೋಡಿದ್ದ ನನಗೆ ಎರಡೂ ಕಂಡಿರಲಿಲ್ಲ. ಕೆಳಗೆ ಹೆಪ್ಪುಗಟ್ಟಿದ ಕೊಳದ ಮೇಲೆ ಚುಕ್ಕೆಗಳ ಹಾಗೆ ಜನ ಆಡುತ್ತಿದ್ದಾರೆ. ಮಾರನೇ ದಿನ ನಗರಸಭೆ ಮುಂದಿನ ಐಸ್ ಅಂಗಳದಲ್ಲಿ ಮಕ್ಕಳು ಜಾರಾಡುವುದನ್ನು ನೋಡಿ ಅತ್ತೆ, "ಅದೇ ಆಟ" ಅಂದರು.

ಷೋನ್‌ಬ್ರುನ್‌ನಲ್ಲಿ 1441 ಕೋಣೆಗಳಿವೆ, ತೋರಿಸುವುದು ಅದರಲ್ಲಿ ಸ್ವಲ್ಪ ಮಾತ್ರ, ಅಷ್ಟೇ ಸಾಕು. ಆರು ವರ್ಷದ ಮೊಜಾರ್ಟ್ 1762ರಲ್ಲಿ ಮರಿಯಾ ತೆರೇಸಾ ರಾಣಿಯ ಮುಂದೆ ನುಡಿಸಿದ ಅರಮನೆ. ಟಿಕೆಟ್‌ಗೆ ಸಮಯ ನಿಗದಿ ಇರುತ್ತದೆ, ಮೊದಲೇ ಬುಕ್ ಮಾಡಿ. ತೋಟ ಚಳಿಗಾಲದಲ್ಲಿ ಬೋಳು, ಕಾರಂಜಿಗಳು ನಿಂತಿರುತ್ತವೆ. ಹೂವಿನ ಫೋಟೋ ನೋಡಿಕೊಂಡು ಹೋಗುವವರು ಬೇಸಿಗೆಗೇ ಹೋಗಲಿ. ಸ್ಟೀಫನ್ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು, ಇವರು ಹತ್ತಿದರು. ಉತ್ತರದ್ದಕ್ಕೆ ಲಿಫ್ಟ್ ಇದೆ, ನಾವಿಬ್ಬರೂ ಜಾಣರು.

ಒಪೆರಾಕ್ಕೆ ನಿಂತು ನೋಡುವ ಟಿಕೆಟ್ ಇರುತ್ತದೆ, ಆ ದಿನವೇ ಮಾರುತ್ತಾರೆ, ಕೂರುವ ಸೀಟಿನ ದರಕ್ಕೆ ಹೋಲಿಸಿದರೆ ಏನೇನೂ ಅಲ್ಲ. 1869ರಲ್ಲಿ ತೆರೆದು, 1945ರ ಬಾಂಬ್ ದಾಳಿಯಲ್ಲಿ ಸುಟ್ಟು, 1955ರಲ್ಲಿ ಮತ್ತೆ ಬಾಗಿಲು ತೆಗೆದ ಮನೆ ಅದು. ಮೂರು ಗಂಟೆ ನಿಲ್ಲುವುದು ಅತ್ತೆಗೆ ಆಗದ ಮಾತು. ಇವರಿಗೆ ಒಪೆರಾ ಅಂದರೆ ನಿದ್ದೆ. ಹಾಗಾಗಿ ಅಮ್ಮ ಮಗ ಮನೆಯಲ್ಲಿ ಹಪ್ಪಳ ಕರಿದುಕೊಂಡು ಉಳಿದರು, ನಾನೊಬ್ಬಳೇ ಹೋದೆ. ನಿಲ್ಲುವವರಿಗೆ ಒರಗಲು ಕಂಬಿ ಇರುತ್ತದೆ. ಬಂದವರು ಅದಕ್ಕೆ ತಮ್ಮ ಸ್ಕಾರ್ಫ್ ಕಟ್ಟಿ ಜಾಗ ಹಿಡಿಯುತ್ತಾರೆ, ಆಮೇಲೆ ಆರಾಮಾಗಿ ಓಡಾಡಿ ಬರುತ್ತಾರೆ. ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅತ್ತೆ ಕೈಯಾರೆ ಹೆಣೆದ ಕೆಂಪು ಮಫ್ಲರ್ ಕಟ್ಟಿ ನಾನೂ ಒಂದು ಜಾಗ ಹಿಡಿದೆ. ಎದುರಿನ ಸಣ್ಣ ಪರದೆಯಲ್ಲಿ ಹಾಡಿನ ಅರ್ಥ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಬ್ರಾಟಿಸ್ಲಾವಾ ರೈಲಿನಲ್ಲಿ ಒಂದು ಗಂಟೆಯ ದಾರಿ, ಇನ್ನೊಂದು ದೇಶ ನೋಡಿದ ಹಾಗೂ ಆಗುತ್ತೆ ಅಂತ ಇವರು ಕೊನೆಯವರೆಗೂ ಹಟ ಹಿಡಿದರು. ಹೋಗಿ ಬರುವ ಹೊತ್ತು ಕಳೆದರೆ ಅಲ್ಲಿ ಉಳಿಯುವ ಹಗಲು ಎಷ್ಟು ಅಂತ ನೋಟ್‌ಬುಕ್ ತೆಗೆದು ತೋರಿಸಿದೆ. ಅದು ರದ್ದಾಯಿತು. ಆ ದಿನ ನಾಶ್‌ಮಾರ್ಕ್ಟ್ ಸಂತೆಯಲ್ಲಿ ಅತ್ತೆ ಆಲಿವ್, ಒಣ ಅಂಜೂರ ರುಚಿ ನೋಡುತ್ತಾ, ಕೊಳ್ಳುವ ಮೊದಲು ಕನ್ನಡದಲ್ಲೇ ಚೌಕಾಸಿ ಮಾಡುತ್ತಾ ಕಳೆದರು. ಅಂಗಡಿಯವನು ಒಂದು ಹಿಡಿ ಜಾಸ್ತಿ ಹಾಕಿಯೂ ಕೊಟ್ಟ.